ಯಾರೂ ಅಳದ ನೆರೆ: ಆಲ್ಫ್ರೆಡ್ ಸಿಸ್ಲಿಯ ಪೋರ್-ಮಾರ್ಲಿ ಚಿತ್ರ

ಇವತ್ತು ಒಂದು ಚಿತ್ರದ ಬಗ್ಗೆ ಮಾತಾಡೋಣ. ಕಿವಿಗೆ ಕೇಳಿಸುವ ಕಾರ್ಯಕ್ರಮದಲ್ಲಿ ಕಣ್ಣಿನ ವಿಷಯ ಹೇಳುವುದು ಸ್ವಲ್ಪ ಫಜೀತಿಯ ಕೆಲಸವೇ. ಅನುಕೂಲ ಇದ್ದವರು ಫೋನ್‌ನಲ್ಲಿ ಸಿಸ್ಲಿ, ಪೋರ್-ಮಾರ್ಲಿ, ನೆರೆ ಅಂತ ಹುಡುಕಿ, ಚಿತ್ರ ತೆರೆದಿಟ್ಟುಕೊಳ್ಳಿ. ಗಾಡಿ ಓಡಿಸ್ತಾ, ಅಡುಗೆ ಮಾಡ್ತಾ ಕೇಳ್ತಿರೋರು ಆ ಸಾಹಸಕ್ಕೆ ಹೋಗಬೇಡಿ. ಅದರಲ್ಲಿ ಏನಿದೆ ಅಂತ ನಾನೇ ಹೇಳ್ತೀನಿ.

ದೊಡ್ಡ ಚಿತ್ರವೇನೂ ಅಲ್ಲ. ಅಗಲ 81 ಸೆಂಟಿಮೀಟರ್, ಎತ್ತರ 60. ಮನೆಯ ಗೋಡೆಗೆ ಹಾಕುವ ಟೀವಿಗಿಂತ ಚಿಕ್ಕದು. ಎಡಗಡೆ ಒಂದು ಕಟ್ಟಡ ನಿಂತಿದೆ. ತಿಳಿ ಹಳದಿ, ಅದಕ್ಕೆ ಸ್ವಲ್ಪ ಗುಲಾಬಿ ಬೆರೆಸಿದ ಹಾಗಿರುವ ಗೋಡೆ, ಸಾಲಾಗಿ ಕಿಟಕಿಗಳು. ಅದು ವೈನ್ ಮಾರುವವನ ಅಂಗಡಿ. ಗೋಡೆಯ ಮೇಲೆ ‘ಸಂತ ನಿಕೋಲಸ್’ ಅಂತ ಹೆಸರು ಬರೆದಿದೆ. ಆ ಅಂಗಡಿಯ ಮುಂದೆ ರಸ್ತೆ ಇರಬೇಕಿತ್ತು. ರಸ್ತೆಯ ಜಾಗದಲ್ಲಿ ನೀರು ನಿಂತಿದೆ. ಬಾಗಿಲ ಹತ್ತಿರ ದೋಣಿ, ಅಲ್ಲಿ ಒಂದಿಬ್ಬರು ಮನುಷ್ಯರು. ಬಲಗಡೆ ನೀರಿನೊಳಗಿಂದಲೇ ಎದ್ದು ನಿಂತ ಮರಗಳು, ಇನ್ನೂ ಚಿಗುರದ ಮರಗಳು. ಉಳಿದದ್ದೆಲ್ಲ ಆಕಾಶ. ಮಳೆ ಸುರಿಸಿ ಹಗುರಾದ ಮೋಡಗಳು, ಅಲ್ಲಲ್ಲಿ ನೀಲಿ.

ಇಷ್ಟೇ. ಯಾರೂ ಕೂಗ್ತಾ ಇಲ್ಲ. ಯಾರೂ ಕೊಚ್ಚಿಕೊಂಡು ಹೋಗ್ತಾ ಇಲ್ಲ. ತೇಲಿ ಬರುವ ಪಾತ್ರೆ ಪಗಡೆ ಇಲ್ಲ, ಸತ್ತ ದನ ಇಲ್ಲ. ಚಿತ್ರದ ಹೆಸರು ಮಾತ್ರ ‘ಪೋರ್-ಮಾರ್ಲಿಯ ನೆರೆ’. ಮೊದಲ ಸಲ ನೋಡಿದವರು, ಇದೇನಪ್ಪಾ, ನೆರೆಯನ್ನೂ ಇಷ್ಟು ಚೆಂದ ಮಾಡಿಟ್ಟಿದ್ದಾನಲ್ಲ, ಊರು ಮುಳುಗಿರುವಾಗ ಇವನಿಗೆ ಮೋಡದ ಬಣ್ಣ ಕಂಡಿತಾ ಅಂತ ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಇವತ್ತಿನ ಮಾತೆಲ್ಲ ಈ ಪ್ರಶ್ನೆಯ ಸುತ್ತವೇ.

ಮೊದಲು ಊರು ಎಲ್ಲಿದೆ ಅಂತ ನೋಡೋಣ. ಪ್ಯಾರಿಸ್ ನಗರ ದಾಟಿದ ಮೇಲೆ ಸೆನ್ ನದಿ ನೇರವಾಗಿ ಸಮುದ್ರದ ಕಡೆ ಹೋಗುವುದಿಲ್ಲ. ಹಾವಿನ ಹಾಗೆ ದೊಡ್ಡ ದೊಡ್ಡ ತಿರುವು ತೆಗೆದುಕೊಂಡು ಹೋಗುತ್ತದೆ. ಅಂಥ ಒಂದು ತಿರುವಿನಲ್ಲಿ, ನಗರದ ಪಶ್ಚಿಮಕ್ಕೆ, ಒಂದರ ಪಕ್ಕ ಒಂದು ಊರುಗಳಿವೆ: ಬೂಜಿವಾಲ್, ಲೂವ್‌ಸಿಯೆನ್, ಮಾರ್ಲಿ, ಪೋರ್-ಮಾರ್ಲಿ. ಕೊನೆಯದರ ಹೆಸರಲ್ಲೇ ‘ಬಂದರು’ ಅಂತಿದೆ, ನದಿಯ ದೋಣಿಗಳು ಬಂದು ನಿಲ್ಲುವ ಜಾಗ. ಈ ಊರುಗಳಿಗೂ ನೀರಿಗೂ ಹಳೆಯ ನಂಟು. ಹದಿನಾಲ್ಕನೇ ಲೂಯಿ ರಾಜ ವರ್ಸೇಲ್ಸ್ ಅರಮನೆಯ ಕಾರಂಜಿಗಳಿಗೆ ನೀರು ಸಾಲದು ಅಂತ ಇಲ್ಲೇ ನದಿಗೆ ಒಂದು ಮಹಾಯಂತ್ರ ಕಟ್ಟಿಸಿದ್ದ. 1684ರಲ್ಲಿ ಮುಗಿಯಿತು. 14 ದೊಡ್ಡ ಚಕ್ರಗಳು ನದಿಯ ಹರಿವಿನಿಂದಲೇ ತಿರುಗಿ, ನದಿಯ ನೀರನ್ನೇ 150 ಮೀಟರ್‌ಗೂ ಎತ್ತರಕ್ಕೆ ಏರಿಸಬೇಕು. ಯೋಚಿಸಿ, ಅರಮನೆಯ ತೋಟದಲ್ಲಿ ಕಾರಂಜಿ ಚಿಮ್ಮಲಿ ಅಂತ! ಅದರ ಸದ್ದು ಸುತ್ತಲ ಊರಿಗೆಲ್ಲ ಕೇಳಿಸ್ತಿತ್ತಂತೆ. ಸಿಸ್ಲಿಯ ಕಾಲಕ್ಕೆ ಹಳೆಯ ಯಂತ್ರ ಹೋಗಿ ಹೊಸದು ಬಂದಿತ್ತು. ಅದನ್ನೂ ಅವನು ಚಿತ್ರಿಸಿದ್ದಾನೆ.

1876ರ ಮಾರ್ಚ್‌ನಲ್ಲಿ ಸೆನ್ ಉಕ್ಕಿತು. ಪೋರ್-ಮಾರ್ಲಿಯ ದಂಡೆಯ ಬೀದಿಗೆ ನೀರು ನುಗ್ಗಿತು. ಆಗ ಸಿಸ್ಲಿ ಪಕ್ಕದ ಮಾರ್ಲಿಯಲ್ಲಿ, ಗುಡ್ಡದ ಕಡೆ, ಬಾಡಿಗೆ ಮನೆಯಲ್ಲಿದ್ದ. ಬಣ್ಣದ ಪೆಟ್ಟಿಗೆ, ಕ್ಯಾನ್ವಾಸ್ ಹೊತ್ತುಕೊಂಡು ಇಳಿದು ಬಂದ. ಒಂದಲ್ಲ, ಎರಡಲ್ಲ, ಆರೇಳು ಚಿತ್ರ ಬರೆದ. ನೀರು ಏರಿದ್ದಾಗ, ಇಳಿಯುತ್ತಿದ್ದಾಗ, ಅದೇ ಬೀದಿ, ಅದೇ ವೈನ್ ಅಂಗಡಿ.

ಇಲ್ಲಿ ಒಂದು ವಿಷಯ ನಿಲ್ಲಿಸಿ ಹೇಳಬೇಕು. ನೆರೆ ನೆರೆಗೂ ವ್ಯತ್ಯಾಸ ಇದೆ. ಹೊಳೆ ದಂಡೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಟ್ಟದಿಂದ ಇಳಿಯುವ ನದಿಯ ನೆರೆ ರಾತ್ರಿ ಬೆಳಗಾಗುವುದರೊಳಗೆ ಬಂದು ಬಡಿದು ಹೋಗುತ್ತದೆ. ಬಯಲು ಸೀಮೆಯ ನದಿಯ ನೆರೆ ಹಾಗಲ್ಲ. ಪ್ಯಾರಿಸ್‌ನಲ್ಲಿ ಸೆನ್ ನದಿ ಸಮುದ್ರ ಮಟ್ಟದಿಂದ ಸುಮಾರು 25 ಮೀಟರ್ ಎತ್ತರದಲ್ಲಿದೆ ಅಷ್ಟೇ. ಅಲ್ಲಿಂದ ಸಮುದ್ರ ಸೇರಲು ತಿರುವುಗಳನ್ನೆಲ್ಲ ಹಾದು 350 ಕಿಲೋಮೀಟರ್‌ಗೂ ಹೆಚ್ಚು ಹರಿಯಬೇಕು. ಇಳಿಜಾರೇ ಇಲ್ಲ ಅನ್ನಬಹುದು. ಚಳಿಗಾಲದ ಮಳೆಗೆ ನೆಲ ನೆನೆದು ನೆನೆದು, ಇನ್ನು ಒಂದು ತೊಟ್ಟೂ ಕುಡಿಯಲಾರೆ ಅಂದಾಗ, ನೀರು ದಿನಕ್ಕಿಷ್ಟು ಅಂತ ನಿಧಾನವಾಗಿ ಏರುತ್ತದೆ. ಇಳಿಯುವುದು ಇನ್ನೂ ನಿಧಾನ. 1910ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ನೀರು 8.62 ಮೀಟರ್‌ಗೆ ಏರಿತ್ತು, ಪೂರ್ತಿ ಇಳಿಯೋಕೆ ವಾರಗಳೇ ಹಿಡಿದವು.

ಇದಕ್ಕೆ ತದ್ವಿರುದ್ಧದ ನೆರೆಯೂ ಫ್ರಾನ್ಸ್‌ಗೆ ಆಗಷ್ಟೇ ಗೊತ್ತಾಗಿತ್ತು. ಪೋರ್-ಮಾರ್ಲಿಯ ಹಿಂದಿನ ವರ್ಷವೇ, 1875ರ ಜೂನ್‌ನಲ್ಲಿ, ದಕ್ಷಿಣದ ತುಲೂಸ್ ನಗರದಲ್ಲಿ ಗರೋನ್ ನದಿ ಪಿರೆನೀಸ್ ಬೆಟ್ಟಗಳಿಂದ ಇಳಿದು ಬಂದು ಒಂದು ಇಡೀ ಬಡಾವಣೆಯನ್ನು ಹೊಡೆದುಹಾಕಿತು. ಸುಮಾರು 200 ಜನ ಸತ್ತರು. ಅಧ್ಯಕ್ಷ ಮಕ್‌ಮಹೊನ್ ನೋಡಲು ಹೋದ. ಅಲ್ಲಿ ನಿಂತು ‘ಎಷ್ಟೊಂದು ನೀರು, ಎಷ್ಟೊಂದು ನೀರು’ ಅಂದನಂತೆ. ಪಾಪ, ಆ ಮಾತು ಅವನನ್ನು ಇವತ್ತಿಗೂ ಬಿಟ್ಟಿಲ್ಲ, ಫ್ರಾನ್ಸ್‌ನಲ್ಲಿ ಗೇಲಿ ಮಾಡೋಕೆ ಈಗಲೂ ಬಳಸ್ತಾರೆ. ನೆರೆ ವೀಕ್ಷಣೆಗೆ ಹೋದ ಅಧಿಕಾರಸ್ಥರ ಬಾಯಲ್ಲಿ ಏನು ಬರುತ್ತೆ ಅನ್ನೋದು ಎಲ್ಲ ಕಾಲದಲ್ಲೂ ಕುತೂಹಲದ ವಿಷಯ.

ಅಂದರೆ ಸಿಸ್ಲಿಯ ಚಿತ್ರ ನೋಡುವವರ ತಲೆಯಲ್ಲಿ ನೆರೆ ಅಂದರೆ ಏನು ಅನ್ನೋದು ಹಸಿಹಸಿಯಾಗಿತ್ತು. ಅದೂ ಅಲ್ಲದೆ, ನೆರೆಯನ್ನು ಹೇಗೆ ಚಿತ್ರಿಸಬೇಕು ಅನ್ನೋದಕ್ಕೂ ಒಂದು ಪದ್ಧತಿ ಬೆಳೆದಿತ್ತು. ಎರಡು ಉದಾಹರಣೆ ಕೊಡ್ತೀನಿ. ಲೂವ್ರ್ ಮ್ಯೂಸಿಯಂನಲ್ಲಿ ಜಿರೊದೆ ಅನ್ನುವ ಕಲಾವಿದನ ‘ಪ್ರಳಯದ ದೃಶ್ಯ’ ಇದೆ, 1806ರದ್ದು. ನಾಲ್ಕು ಮೀಟರ್‌ಗಿಂತ ಎತ್ತರದ ಕ್ಯಾನ್ವಾಸ್. ಒಬ್ಬ ಗಂಡಸು ಬೆನ್ನ ಮೇಲೆ ಮುದಿ ತಂದೆಯನ್ನು ಹೊತ್ತು, ಒಂದು ಕೈಯಲ್ಲಿ ಹೆಂಡತಿಯನ್ನು ಎಳೆಯುತ್ತಾ, ಇನ್ನೊಂದು ಕೈಯಲ್ಲಿ ಮರದ ಕೊಂಬೆ ಹಿಡಿದಿದ್ದಾನೆ. ಆ ಕೊಂಬೆ ಅದೇ ಕ್ಷಣಕ್ಕೆ ಮುರಿಯುತ್ತಿದೆ. ಮುದುಕನ ಕೈಯಲ್ಲಿ ಹಣದ ಚೀಲ ಬೇರೆ. ತಾಯಿಯ ಕೂದಲು ಹಿಡಿದು ಮಗ ಜೋತಾಡ್ತಿದ್ದಾನೆ. ನೋಡಿದರೆ ಎದೆ ಝಲ್ಲೆನ್ನುತ್ತದೆ, ಅದಕ್ಕಂತಲೇ ಮಾಡಿದ್ದು. ನೀರು ಅಲ್ಲಿ ನೆಪ, ಮೈಕಟ್ಟು ಮತ್ತು ಭಯವೇ ವಿಷಯ.

ಇನ್ನೊಂದು ಬೂಗೆರೊ ಬರೆದದ್ದು. 1856ರಲ್ಲಿ ರೋನ್ ನದಿ ಉಕ್ಕಿ ತರಾಸ್ಕೋನ್ ಮುಳುಗಿದಾಗ ಚಕ್ರವರ್ತಿ ಮೂರನೇ ನೆಪೋಲಿಯನ್ ಸಂತ್ರಸ್ತರನ್ನು ನೋಡಲು ಬಂದ ದೃಶ್ಯ. ಸರ್ಕಾರವೇ ಬರೆಸಿದ್ದು. ನಡುವೆ ಚಕ್ರವರ್ತಿ, ಸುತ್ತ ಕೈಚಾಚಿದ ಬಡವರು. ಇದು ಯಾವ ಬಗೆಯ ಚಿತ್ರ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ, ಪತ್ರಿಕೆ ಓದುವವರು ನೀವು.

ಸಿಸ್ಲಿಯ ಚಿತ್ರದಲ್ಲಿ ಇವೆರಡೂ ಇಲ್ಲ. ವೀರನೂ ಇಲ್ಲ, ಉದ್ಧಾರಕನೂ ಇಲ್ಲ. ನದಿ ಇದೆ.

ನದಿಯನ್ನೇ ವಿಷಯ ಮಾಡಿಕೊಳ್ಳುವ ಧೈರ್ಯ ಸಿಸ್ಲಿಗೆ ಎಲ್ಲಿಂದ ಬಂತು? ಅವನಿಗಿಂತ ಒಂದು ತಲೆಮಾರು ಹಿಂದಿನ ಶಾರ್ಲ್-ಫ್ರಾನ್ಸ್ವಾ ದೊಬಿನ್ಯಿಯನ್ನು ನೆನೆಯಬೇಕು. ಆತ 1857ರಲ್ಲಿ ಒಂದು ದೋಣಿ ಮಾಡಿಸಿ, ಅದರ ಮೇಲೆ ಪುಟ್ಟ ಕೋಣೆ ಕಟ್ಟಿಸಿ, ಅದನ್ನೇ ಸ್ಟುಡಿಯೊ ಮಾಡಿಕೊಂಡ. ವಾಜ್ ಮತ್ತು ಸೆನ್ ನದಿಗಳ ಮೇಲೆ ತೇಲುತ್ತಾ ಚಿತ್ರ ಬರೆದ. ದಂಡೆಯಿಂದ ನದಿಯನ್ನು ನೋಡುವುದು ಬೇರೆ, ನೀರಿನ ಮಟ್ಟದಲ್ಲೇ ಕೂತು ನೋಡುವುದು ಬೇರೆ ಅನ್ನುವುದು ಅವನ ಚಿತ್ರಗಳಲ್ಲಿ ಗೊತ್ತಾಗುತ್ತದೆ. ಆಗಿನ ವಿಮರ್ಶಕರು, ಇವನು ಪೂರ್ತಿ ಚಿತ್ರ ಮುಗಿಸೋದೇ ಇಲ್ಲ, ಬರೀ ಮೊದಲ ನೋಟಕ್ಕೆ ಕಂಡದ್ದನ್ನು ಹಚ್ಚಿ ಬಿಡ್ತಾನೆ ಅಂತ ಗೊಣಗಿದರು. ಮುಂದೆ ಮೊನೆಯೂ ಇಂಥದ್ದೇ ದೋಣಿ ಮಾಡಿಕೊಂಡ. ಮೊನೆಯ ಚಿತ್ರವನ್ನು 1870ರ ಸರ್ಕಾರಿ ಪ್ರದರ್ಶನಕ್ಕೆ ತೆಗೆದುಕೊಳ್ಳಲಿಲ್ಲ ಅಂತ ದೊಬಿನ್ಯಿ ಆಯ್ಕೆ ಸಮಿತಿಗೇ ರಾಜೀನಾಮೆ ಕೊಟ್ಟ. ಇನ್ನು ಟ್ಯೂಬಿನಲ್ಲಿ ತುಂಬಿದ ಬಣ್ಣ 1841ರಿಂದ ಬಂದಿತ್ತು, ಪ್ಯಾರಿಸ್‌ನಿಂದ ಈ ಊರುಗಳ ಕಡೆಗೆ ರೈಲು ಇತ್ತು. ಹೊರಗೆ ಕೂತು ಬಣ್ಣದಲ್ಲೇ ಚಿತ್ರ ಮುಗಿಸುವುದು ಸಾಧ್ಯವಾಗಿತ್ತು.

ಈಗ ಸಿಸ್ಲಿ ಯಾರು? ಆಲ್ಫ್ರೆಡ್ ಸಿಸ್ಲಿ 1839ರಲ್ಲಿ ಪ್ಯಾರಿಸ್‌ನಲ್ಲೇ ಹುಟ್ಟಿದ, ಆದರೆ ಅಪ್ಪ ಅಮ್ಮ ಇಂಗ್ಲಿಷರು. ಅಪ್ಪನದು ವ್ಯಾಪಾರ. ಮಗನೂ ವ್ಯಾಪಾರ ಕಲಿಯಲಿ ಅಂತ ಹದಿನೆಂಟರ ವಯಸ್ಸಿಗೆ ಲಂಡನ್‌ಗೆ ಕಳಿಸಿದರು. ಅವನು ಅಲ್ಲಿ ಟರ್ನರ್, ಕಾನ್‌ಸ್ಟೇಬಲ್ ಚಿತ್ರಗಳನ್ನು ನೋಡಿಕೊಂಡು ವಾಪಸ್ ಬಂದ. 1862ರಲ್ಲಿ ಗ್ಲೆರ್ ಎಂಬ ಗುರುವಿನ ಸ್ಟುಡಿಯೊ ಸೇರಿದಾಗ ಜೊತೆಗೆ ಸಿಕ್ಕವರು ಮೊನೆ, ರೆನ್ವಾ, ಬಝೀಲ್. ಮುಂದೆ ಇಂಪ್ರೆಷನಿಸ್ಟರು ಅಂತ ಹೆಸರಾದ ಗುಂಪಿನ ಬೀಜ ಅಲ್ಲಿ ಬಿತ್ತು. ಆ ದಿನಗಳಲ್ಲಿ ಸಿಸ್ಲಿಗೆ ಹಣದ ಚಿಂತೆ ಇರಲಿಲ್ಲ, ಅಪ್ಪ ಕಳಿಸ್ತಿದ್ದ. 1870ರಲ್ಲಿ ಪ್ರಷ್ಯಾ ಜೊತೆ ಯುದ್ಧ ಆಯಿತು, ಅಪ್ಪನ ವ್ಯಾಪಾರ ಮುಳುಗಿತು. ಮೂವತ್ತೊಂದರ ವಯಸ್ಸಿಗೆ, ಹೆಂಡತಿಯಂತೆ ಜೊತೆಗಿದ್ದ ಯೂಜೆನಿ ಮತ್ತು ಇಬ್ಬರು ಚಿಕ್ಕ ಮಕ್ಕಳ ಹೊಣೆ ಹೊತ್ತ ಮನುಷ್ಯ, ಚಿತ್ರ ಮಾರಿಯೇ ಬದುಕಬೇಕು ಅನ್ನುವ ಸ್ಥಿತಿಗೆ ಬಂದ. ಅದೂ ಯಾರೂ ಕೊಳ್ಳದ ಬಗೆಯ ಚಿತ್ರ.

1875ರಲ್ಲಿ ಮೊನೆ, ರೆನ್ವಾ, ಬೆರ್ತ್ ಮೊರಿಸೊ, ಸಿಸ್ಲಿ ನಾಲ್ವರೂ ಸೇರಿ ಪ್ಯಾರಿಸ್‌ನ ಹರಾಜು ಮನೆಯಲ್ಲಿ ಚಿತ್ರಗಳನ್ನು ಹರಾಜಿಗಿಟ್ಟರು. ಜನ ಗಲಾಟೆ ಎಬ್ಬಿಸಿ, ಪೊಲೀಸರನ್ನು ಕರೆಸಬೇಕಾಯಿತು. ಬೆಲೆಗಳೂ ಮರ್ಯಾದೆಗೆ ತಕ್ಕ ಹಾಗೆ ಬರಲಿಲ್ಲ. ಇವರ ಚಿತ್ರ ಕೊಳ್ಳುತ್ತಿದ್ದ ವ್ಯಾಪಾರಿ ದ್ಯುರಾನ್-ರ್ಯುಯೆಲ್ ತಾನೇ ಕಷ್ಟಕ್ಕೆ ಸಿಕ್ಕಿ ಕೊಳ್ಳುವುದನ್ನು ನಿಲ್ಲಿಸಿದ್ದ. ಇಂಥ ಹೊತ್ತಲ್ಲಿ, ಮರು ವರ್ಷ ಮಾರ್ಚ್‌ನಲ್ಲಿ, ಹೊಳೆ ಉಕ್ಕಿದೆ ಅಂತ ಕೇಳಿ ಈ ಮನುಷ್ಯ ಗುಡ್ಡ ಇಳಿದು ಬಂದದ್ದು.

ಈಗ ಚಿತ್ರಕ್ಕೆ ವಾಪಸ್ ಬನ್ನಿ. ಮೊದಲು ಆಕಾಶ ನೋಡಿ. ಸಿಸ್ಲಿ ಮುಂದೆ ತನ್ನ ಗೆಳೆಯ, ಪತ್ರಕರ್ತ ಅದೊಲ್ಫ್ ತಾವರ್ನಿಯೆಗೆ ಬರೆದ ಒಂದು ಪತ್ರದಲ್ಲಿ ತನ್ನ ಕೆಲಸದ ರೀತಿ ಹೇಳಿಕೊಂಡಿದ್ದಾನೆ. ಆಕಾಶ ಅಂದರೆ ಬರೀ ಹಿನ್ನೆಲೆ ಪರದೆ ಅಲ್ಲ, ಚಿತ್ರಕ್ಕೆ ಆಳವನ್ನೂ ಚಲನೆಯನ್ನೂ ಕೊಡುವುದು ಅದೇ, ಹಾಗಾಗಿ ತಾನು ಯಾವಾಗಲೂ ಆಕಾಶದಿಂದಲೇ ಶುರು ಮಾಡೋದು ಅಂತ. ಅದನ್ನು ತಿಳಿದು ಈ ಚಿತ್ರ ನೋಡಿದರೆ ಅರ್ಥವಾಗುತ್ತದೆ. ಮೋಡಗಳು ಒಂದೇ ಮಟ್ಟದಲ್ಲಿಲ್ಲ, ಹತ್ತಿರದ್ದು ದೊಡ್ಡದು, ದೂರ ಹೋದಂತೆ ಚಪ್ಪಟೆ. ಅವು ಸರಿಯುತ್ತಿವೆ. ಇಡೀ ಚಿತ್ರದಲ್ಲಿ ಅವಸರದಲ್ಲಿರುವುದು ಮೋಡ ಮಾತ್ರ.

ಆಮೇಲೆ ನೀರು. ನೆರೆ ನೀರು ಅಂದರೆ ಕೆಂಪು, ರಾಡಿ ಅಂತ ನಮ್ಮ ಲೆಕ್ಕ. ಇಲ್ಲಿ ಬೂದು, ತಿಳಿನೀಲಿ, ನಡುನಡುವೆ ಮಣ್ಣಿನ ಹಳದಿ. ನೀರನ್ನು ಅಡ್ಡಡ್ಡ, ತುಂಡು ತುಂಡಾದ ಬ್ರಷ್ ಗೆರೆಗಳಲ್ಲಿ ಬರೆದಿದ್ದಾನೆ. ಹತ್ತಿರದಿಂದ ನೋಡಿದರೆ ಬರೀ ಬಣ್ಣದ ತುಣುಕುಗಳು, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಸಣ್ಣಗೆ ಅಲುಗುವ ನೀರು. ಆಕಾಶದ ಬಣ್ಣವೆಲ್ಲ ನೀರಿಗೆ ಇಳಿದಿದೆ, ಆದರೆ ಕನ್ನಡಿಯ ಹಾಗೆ ಸ್ಪಷ್ಟವಾಗಿಲ್ಲ. ಕನ್ನಡಿಯಂತೆ ಹೊಳೆಯುವ ಹಾಗೆ ಬರೆದಿದ್ದರೆ ಅದು ಕೆರೆಯ ಚಿತ್ರ ಆಗಿಬಿಡ್ತಿತ್ತು. ಇಲ್ಲಿ ನೀರು ನಿಂತಂತೆ ಕಂಡರೂ ಒಳಗೆ ಎಳೆತ ಇದೆ.

ಮೂರನೆಯದು ಆ ಕಟ್ಟಡ. ನನ್ನ ಪ್ರಕಾರ ಚಿತ್ರ ನಿಂತಿರುವುದೇ ಇದರ ಮೇಲೆ. ಕೈಯಿಂದ ಅದನ್ನು ಮರೆ ಮಾಡಿ ನೋಡಿ, ಉಳಿಯುವುದು ಒಂದು ಸುಂದರ ಸರೋವರ. ಕೈ ತೆಗೆಯಿರಿ, ಕಿಟಕಿಯ ಸಾಲು, ಗೋಡೆಯ ನೇರ ಗೆರೆ, ಅಂಗಡಿಯ ಹೆಸರು ಬಂದ ಕೂಡಲೇ ಓಹೋ ಇದು ಬೀದಿ, ಇಲ್ಲಿ ಜನ ನಡೆದಾಡ್ತಿದ್ದರು, ಬ್ಯಾರೆಲ್ ಇಳಿಸ್ತಿದ್ದರು, ಸಾಲ ಹೇಳಿ ಕುಡೀತಿದ್ದರು ಅಂತ ಹೊಳೆಯುತ್ತದೆ. ಆ ಒಂದು ಗೋಡೆ ಇಲ್ಲದಿದ್ದರೆ ನೆರೆಯೇ ಇಲ್ಲ. ಕಟ್ಟಡದ ತಳ ಕಾಣುವುದಿಲ್ಲ, ಅದು ನೇರವಾಗಿ ನೀರಿನಿಂದ ಎದ್ದಿದೆ. ಎಷ್ಟು ಆಳ ಅಂತ ಚಿತ್ರ ಹೇಳುವುದಿಲ್ಲ, ಬಾಗಿಲಿಗೆ ದೋಣಿ ಕಟ್ಟಿದ್ದಾರೆ ಅಂತ ತೋರಿಸಿ ಸುಮ್ಮನಾಗುತ್ತದೆ. ಅಂದಹಾಗೆ ಸಂತ ನಿಕೋಲಸ್ ಅಂದರೆ ಫ್ರಾನ್ಸ್‌ನ ನದಿ ದೋಣಿಯವರ ಕಾಯುವ ಸಂತ. ನದಿ ಬಂದರಿನ ವೈನ್ ಅಂಗಡಿಗೆ ತಕ್ಕ ಹೆಸರು. ಗಿರಾಕಿಗಳು ದೋಣಿಯಲ್ಲೇ ಒಳಗೆ ಬರುವಂತಾಗಲಿ ಅಂತ ಮಾಲೀಕ ಬೇಡಿಕೊಂಡಿರಲಿಕ್ಕಿಲ್ಲ ಬಿಡಿ.

ಆ ಮನುಷ್ಯರನ್ನು ನೋಡಿ. ನಾಲ್ಕೈದು ಬ್ರಷ್ ಏಟಿನಲ್ಲಿ ಮುಗಿದ ಆಕೃತಿಗಳು, ಮುಖ ಇಲ್ಲ. ಏನು ಮಾಡ್ತಿದ್ದಾರೆ? ಓಡಿಹೋಗ್ತಾ ಇಲ್ಲ. ದೋಣಿಯಲ್ಲಿ ಇದ್ದಾರೆ, ಕಾಯ್ತಿದ್ದಾರೆ, ಏನನ್ನೋ ಸಾಗಿಸ್ತಿದ್ದಾರೆ. ನಿಧಾನದ ನೆರೆಯಲ್ಲಿ ಮನುಷ್ಯನ ಕೆಲಸವೇ ಇದು. ಸಾಮಾನು ಮೇಲಿನ ಮಹಡಿಗೆ ಏರಿಸುವುದು, ಬೇಕಾದ್ದಕ್ಕೆ ದೋಣಿಯಲ್ಲಿ ಹೋಗಿಬರುವುದು, ಗೋಡೆಗೆ ಗುರುತು ಹಾಕಿ ನೀರು ಇಳಿಯಿತಾ ಅಂತ ಬೆಳಿಗ್ಗೆ ಎದ್ದು ನೋಡುವುದು. ಅಳುವ ಹೊತ್ತು ಕಳೆದಿರುತ್ತದೆ ಅಥವಾ ಇನ್ನೂ ಬಂದಿರುವುದಿಲ್ಲ, ನೀರು ಇಳಿದು ಕೆಸರು ಬಾಚುವಾಗ ಬರುತ್ತದೆ. ಸಿಸ್ಲಿ ಬರೆದದ್ದು ಆ ನಡುವಿನ ಹೊತ್ತನ್ನು. ಜಿರೊದೆ, ಬೂಗೆರೊ ಚಿತ್ರಗಳಲ್ಲಿ ಅದಕ್ಕೆ ಜಾಗ ಇರಲಿಲ್ಲ, ಯಾಕಂದ್ರೆ ಅದರಲ್ಲಿ ನಾಟಕ ಇಲ್ಲ.

ಈಗ ಮೊದಲಿನ ಪ್ರಶ್ನೆ. ಊರು ಮುಳುಗಿದಾಗ ಮೋಡದ ಬಣ್ಣ ನೋಡುವುದು ಸರಿಯಾ? ನಾನು ಹೀಗೆ ಯೋಚಿಸ್ತೀನಿ. ಇದೇ ಶಾಂತಿಯನ್ನು ಸಿಸ್ಲಿ ಹಿಂದಿನ ವರ್ಷ ತುಲೂಸ್‌ಗೆ ಹೋಗಿ ಬರೆದಿದ್ದರೆ ಅದು ಸುಳ್ಳಾಗ್ತಿತ್ತು, ಕ್ರೌರ್ಯವೂ ಆಗ್ತಿತ್ತು. ಪೋರ್-ಮಾರ್ಲಿಯಲ್ಲಿ ಅದು ನಿಜ. ಸೆನ್ ನದಿಯ ನೆರೆ ಹಾಗೇ ಇರುತ್ತದೆ, ಸದ್ದಿಲ್ಲದೆ ಬಂದು ಕೂತುಬಿಡುತ್ತದೆ. ಅದಕ್ಕೆ ಮುರಿಯುವ ಕೊಂಬೆ, ಜೋತಾಡುವ ಮಗು ಸೇರಿಸಿದ್ದರೆ ಅದೇ ಸುಳ್ಳು. ಹಾಗಂತ ಈ ಚಿತ್ರ ಎಲ್ಲವನ್ನೂ ಹೇಳುತ್ತೆ ಅಂತ ನಾನು ವಾದಿಸೋದಿಲ್ಲ. ಆ ಅಂಗಡಿಯವನಿಗೆ ಎಷ್ಟು ನಷ್ಟ ಆಯಿತು, ನೆಲಮಾಳಿಗೆಯ ವೈನ್ ಏನಾಯಿತು, ಪಕ್ಕದ ಮನೆಯ ಮುದುಕಿ ಎಲ್ಲಿ ಮಲಗಿದಳು, ಇದ್ಯಾವುದೂ ಇಲ್ಲಿ ಇಲ್ಲ. ಚಿತ್ರ ಆ ಬಾಗಿಲೊಳಗೆ ಹೋಗುವುದಿಲ್ಲ. ಹೊರಗಿನವನು ಹೊರಗೆ ನಿಂತು ನೋಡಿದಷ್ಟನ್ನೇ ಬರೆದಿದ್ದಾನೆ. ಒಳಗಿನ ನೋವು ನನಗೆ ಗೊತ್ತು ಅಂತ ನಟಿಸಿಲ್ಲ. ಆ ಸಂಕೋಚ ನನಗೆ ಇಷ್ಟ. ನಿಮಗೆ ಅದು ಸಾಲದು ಅನ್ನಿಸಿದರೆ ನಾನು ಜಗಳ ಆಡುವುದಿಲ್ಲ.

ಇನ್ನೊಂದು ಮಾತು. ಇದು ಒಮ್ಮೆ ಕಂಡು ಬರೆದದ್ದಲ್ಲ. 1872ರಲ್ಲೂ ಇಲ್ಲಿ ನೆರೆ ಬಂದಿತ್ತು, ಆಗಲೂ ಸಿಸ್ಲಿ ಬಂದು ಬರೆದಿದ್ದ, ಆ ಚಿತ್ರ ಈಗ ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅಂದರೆ ಈ ಬೀದಿ, ಈ ನೀರು ಅವನಿಗೆ ಪರಿಚಯವಿತ್ತು. ನಾಲ್ಕು ವರ್ಷದ ನಂತರ ಮತ್ತೆ ಬಂದಾಗ ಏನನ್ನು ಬಿಡಬೇಕು ಅಂತ ಗೊತ್ತಾಗಿತ್ತು ಅನ್ನಿಸುತ್ತದೆ.

1876ರ ಏಪ್ರಿಲ್‌ನಲ್ಲಿ ಇಂಪ್ರೆಷನಿಸ್ಟರ ಎರಡನೇ ಪ್ರದರ್ಶನ ನಡೆಯಿತು. ಸಿಸ್ಲಿಯ ಪಟ್ಟಿಯಲ್ಲಿ ಪೋರ್-ಮಾರ್ಲಿಯ ನೆರೆಯೂ ಇತ್ತು. ‘ಫಿಗಾರೊ’ ಪತ್ರಿಕೆಯ ವಿಮರ್ಶಕ ಆಲ್ಬರ್ಟ್ ವೋಲ್ಫ್ ಇಡೀ ಗುಂಪನ್ನೇ ಹುಚ್ಚರ ಸಂತೆ ಅನ್ನುವ ಧಾಟಿಯಲ್ಲಿ ಬರೆದ, ಅವರಲ್ಲಿ ಒಬ್ಬಳು ಹೆಂಗಸೂ ಇದ್ದಾಳೆ ಅಂತ ಸೇರಿಸುವುದನ್ನು ಮರೆಯಲಿಲ್ಲ. ಪೋರ್-ಮಾರ್ಲಿಯ ಈ ದೊಡ್ಡ ಚಿತ್ರ ಕೊನೆಗೆ 180 ಫ್ರಾಂಕ್‌ಗೆ ಮಾರಾಟವಾಯಿತು. ಆಗ ಪ್ಯಾರಿಸ್‌ನಲ್ಲಿ ಕೆಲಸಗಾರನ ದಿನಗೂಲಿ ಸುಮಾರು 5 ಫ್ರಾಂಕ್. ಒಂದು ತಿಂಗಳ ಕೂಲಿಗಿಂತ ಸ್ವಲ್ಪ ಹೆಚ್ಚು ಅಂತ ಇಟ್ಟುಕೊಳ್ಳಿ. ಎರಡು ವರ್ಷದ ನಂತರ, 1878ರಲ್ಲಿ, ಸಿಸ್ಲಿ ಕಲಾವಿಮರ್ಶಕ ತಿಯೊದೋರ್ ದ್ಯುರೆಗೆ ಒಂದು ಪತ್ರ ಬರೆದ. ಆರು ತಿಂಗಳು ತನಗೆ ತಿಂಗಳಿಗೆ 500 ಫ್ರಾಂಕ್ ಕೊಡುವವರು ಯಾರಾದರೂ ಸಿಗ್ತಾರಾ, ಬದಲಿಗೆ 30 ಚಿತ್ರ ಕೊಡ್ತೇನೆ ಅಂತ. ಲೆಕ್ಕ ಹಾಕಿ, ಚಿತ್ರಕ್ಕೆ 100 ಫ್ರಾಂಕ್. ತನ್ನ ಮುಂದಿನ ಆರು ತಿಂಗಳ ಬೆಳೆಯನ್ನು ಹೊಲದಲ್ಲೇ ಮಾರಿಬಿಡುವ ರೈತನ ಲೆಕ್ಕ ಅದು.

ಆಮೇಲಿನ ಇಪ್ಪತ್ತು ವರ್ಷ ಬೇಗ ಹೇಳಿ ಮುಗಿಸ್ತೀನಿ. ಮೊನೆ, ರೆನ್ವಾ ಹೆಸರು ಮಾಡಿದರು, ಹಣವನ್ನೂ ಕಂಡರು. ಸಿಸ್ಲಿ ಬಾಡಿಗೆ ಕಡಿಮೆ ಇರುವ ಕಡೆಗೆ ಸರಿಯುತ್ತಾ ಸರಿಯುತ್ತಾ, ಕೊನೆಗೆ ಮೊರೆ ಎಂಬ ಊರಿನಲ್ಲಿ ಲೊಯಿಂಗ್ ನದಿಯ ದಂಡೆಯಲ್ಲಿ ನೆಲೆಸಿದ. ಅಲ್ಲೂ ನದಿ, ಸೇತುವೆ, ಸಾಲುಮರಗಳನ್ನೇ ಬರೆದ. 1897ರಲ್ಲಿ ಪ್ಯಾರಿಸ್‌ನ ಜಾರ್ಜ್ ಪೆತಿ ಗ್ಯಾಲರಿಯಲ್ಲಿ ಅವನ ಸುಮಾರು 150 ಚಿತ್ರಗಳ ದೊಡ್ಡ ಪ್ರದರ್ಶನ ನಡೆಯಿತು, ಜನ ಗಮನಿಸಲಿಲ್ಲ. ರುವಾನ್ ನಗರದ ಕಲ್ಲಿದ್ದಲು ವ್ಯಾಪಾರಿ ಫ್ರಾನ್ಸ್ವಾ ದೆಪೋ ಮಾತ್ರ ಜೊತೆಗಿದ್ದ. ಅವನ ಖರ್ಚಿನಲ್ಲಿ ಬ್ರಿಟನ್‌ಗೆ ಹೋಗಿ, ಅಲ್ಲಿ ವೇಲ್ಸ್‌ನ ಕಾರ್ಡಿಫ್‌ನಲ್ಲಿ, ಮೂವತ್ತು ವರ್ಷ ಜೊತೆಗಿದ್ದ ಯೂಜೆನಿಯನ್ನು ಕಾನೂನು ಪ್ರಕಾರ ಮದುವೆಯಾದ. ಇಬ್ಬರಿಗೂ ಆಗಲೇ ಆರೋಗ್ಯ ಕೆಟ್ಟಿತ್ತು. ಮರುವರ್ಷ ಅವಳು ತೀರಿಕೊಂಡಳು. ಗಂಟಲು ಕ್ಯಾನ್ಸರ್‌ನಿಂದ ನರಳುತ್ತಿದ್ದ ಸಿಸ್ಲಿ ಮೊನೆಯನ್ನು ಕರೆಸಿಕೊಂಡು ಮಕ್ಕಳನ್ನು ನೋಡಿಕೋ ಅಂದ. 1899ರ ಜನವರಿ 29ರಂದು ಸತ್ತ. ಫ್ರಾನ್ಸ್‌ನಲ್ಲೇ ಹುಟ್ಟಿ, ಅದರ ನದಿಗಳನ್ನೇ ಜೀವನವಿಡೀ ಬರೆದವನು ಫ್ರೆಂಚ್ ಪೌರತ್ವಕ್ಕೆ ಅರ್ಜಿ ಹಾಕಿದ್ದ, ಅದು ಕೈಗೆ ಬರುವ ಮೊದಲೇ ಹೋದ. ಕಾಗದದ ಮೇಲೆ ಕೊನೆವರೆಗೂ ಇಂಗ್ಲಿಷನೇ.

ಇನ್ನು ಎಲ್ಲ ಪುಸ್ತಕಗಳೂ ಹೇಳುವ ಕತೆ. ಸಿಸ್ಲಿ ಸತ್ತ ಮರುವರ್ಷ, 1900ರ ಮಾರ್ಚ್‌ನಲ್ಲಿ, ಅವನು ಆಕಾಶದ ಬಗ್ಗೆ ಪತ್ರ ಬರೆದಿದ್ದನಲ್ಲ, ಅದೇ ತಾವರ್ನಿಯೆಯ ಸಂಗ್ರಹ ಹರಾಜಿಗೆ ಬಂತು. ಅದರಲ್ಲಿ ಪೋರ್-ಮಾರ್ಲಿಯ ನೆರೆಯೂ ಇತ್ತು. 180 ಫ್ರಾಂಕ್‌ಗೆ ಹೋಗಿದ್ದ ಚಿತ್ರ 43,000 ಫ್ರಾಂಕ್‌ಗೆ ಹೋಯಿತು. ಸುಮಾರು 240 ಪಟ್ಟು. ಕೊಂಡವನು ಬ್ಯಾಂಕರ್ ಮನೆತನದ ಇಸಾಕ್ ದ ಕಮೊಂದೊ.

ಈ ಸಂಖ್ಯೆ ಕೇಳಿದ ಕೂಡಲೇ ಅಯ್ಯೋ ಅನ್ನಿಸುತ್ತೆ, ನನಗೂ ಅನ್ನಿಸಿತು. ಆದರೆ ಈ ಕತೆಯನ್ನು ಹೇಳುವ ರೀತಿ ನನಗೆ ಅಷ್ಟು ಹಿಡಿಸುವುದಿಲ್ಲ. ಚಿತ್ರ ದೊಡ್ಡದು ಅನ್ನೋದಕ್ಕೆ ಕೊನೆಗೆ ಬೆಲೆಯೇ ಸಾಕ್ಷಿ ಹೇಳಿತು ಅನ್ನುವ ಧಾಟಿ ಅದರಲ್ಲಿದೆ. ಹಾಗಾದರೆ 180 ಫ್ರಾಂಕ್ ಇದ್ದಾಗ ಚಿತ್ರ ಸಣ್ಣದಿತ್ತಾ? 43,000ದಲ್ಲಿ ಒಂದು ಕಾಸೂ ಸಿಸ್ಲಿಯ ಮಕ್ಕಳಿಗೆ ಬರಲಿಲ್ಲ, ಅದು ಮಾರಿದವನ ಹಣ. ಮಕ್ಕಳಿಗಾಗಿ ಮೊನೆ ಮುಂದೆ ನಿಂತು ಹಿಂದಿನ ವರ್ಷವೇ ಬೇರೆ ಹರಾಜು ಮಾಡಿಸಿದ್ದ. ನನಗೆ ಆ ಹರಾಜಿನ ಕತೆಯೇ ಹೆಚ್ಚು ಮುಖ್ಯ ಅನ್ನಿಸುತ್ತೆ, ಆದರೆ ಅದನ್ನು ಯಾರೂ ಹೇಳೋದಿಲ್ಲ.

ಗೆಳೆಯರ ನಡುವೆ ಅವನ ಬೆಲೆ ಬೇರೆಯೇ ಇತ್ತು. ಯುವಕ ಮತೀಸ್ ಒಮ್ಮೆ ಹಿರಿಯ ಪಿಸ್ಸಾರೊನನ್ನು, ನಿಜವಾದ ಇಂಪ್ರೆಷನಿಸ್ಟ್ ಅಂದರೆ ಯಾರು ಅಂತ ಕೇಳಿದನಂತೆ. ಪಿಸ್ಸಾರೊ ಹೇಳಿದ ಹೆಸರು ಮೊನೆಯದಲ್ಲ, ಸಿಸ್ಲಿಯದು.

ಕಮೊಂದೊ 1911ರಲ್ಲಿ ತೀರಿಕೊಂಡಾಗ ತನ್ನ ಸಂಗ್ರಹವನ್ನೆಲ್ಲ ಲೂವ್ರ್‌ಗೆ ಬರೆದಿಟ್ಟ. ಅಲ್ಲಿಂದ ಅದು ಈಗ ಪ್ಯಾರಿಸ್‌ನ ಒರ್ಸೆ ಮ್ಯೂಸಿಯಂಗೆ ಬಂದಿದೆ. ಹಳೆಯ ರೈಲು ನಿಲ್ದಾಣವನ್ನೇ ಮ್ಯೂಸಿಯಂ ಮಾಡಿದ್ದಾರೆ, ಸೆನ್ ನದಿಯ ದಂಡೆಯಲ್ಲೇ. ಅದೇ ನೆರೆಯ ಇನ್ನೊಂದು ಚಿತ್ರವೂ ಕಮೊಂದೊ ಕೊಟ್ಟದ್ದೇ, ಸ್ವಲ್ಪ ಚಿಕ್ಕದು, ಅದರಲ್ಲಿ ದೋಣಿ ನಮಗೆ ಇನ್ನೂ ಹತ್ತಿರ. ಮೂರನೆಯದು ರುವಾನ್ ನಗರದ ಮ್ಯೂಸಿಯಂನಲ್ಲಿದೆ, ಕಲ್ಲಿದ್ದಲು ವ್ಯಾಪಾರಿ ದೆಪೋ 1909ರಲ್ಲಿ ಕೊಟ್ಟದ್ದು. ನಾಲ್ಕನೆಯದು ಮ್ಯಾಡ್ರಿಡ್‌ನ ಥಿಸ್ಸೆನ್ ಮ್ಯೂಸಿಯಂನಲ್ಲಿ. ಫೋನ್‌ನಲ್ಲಿ ಇವನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಅಂಗಡಿಯ ಗೋಡೆ ಎಲ್ಲಿದೆ, ದೋಣಿ ಎಲ್ಲಿದೆ, ನೀರು ಎಲ್ಲಿವರೆಗೆ ಬಂದಿದೆ ಅಂತ ಒಂದೊಂದರಲ್ಲೂ ಹುಡುಕಿ. ಎಲ್ಲದರಲ್ಲೂ ಮೋಡ ಮಾತ್ರ ಬೇರೆ ಬೇರೆ.

ಇವತ್ತಿಗೆ ಇಷ್ಟು.